ಗ್ರಾಫಿಕ್ಸ್ ಕಾರ್ಡ್ ಬಿಸಿಯೇರುತ್ತಿದೆಯೆ? ಹೊಸದು ಕೊಳ್ಳುವ ಮುನ್ನ ಪರೀಕ್ಷಿಸಿ

ಮಾರ್ಚ್‌ನಿಂದ ಮೇವರೆಗಿನ ಅವಧಿ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಬಿಸಿಲಿನ ಕಾಲವೂ ಹೌದು, ಲಗ್ನದ ಕಾಲವೂ ಹೌದು. ಫೋಟೊ ಸ್ಟುಡಿಯೋಗಳಲ್ಲಿ ಮದುವೆ ವಿಡಿಯೋಗಳ ಸಂಕಲನ ಹಗಲಿರುಳೆನ್ನದೆ ನಡೆಯುವುದು ಈ ದಿನಗಳಲ್ಲೇ. ಡೆಸ್ಕ್‌ಟಾಪ್ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಕೈಕೊಡುವುದೂ ಬಹುಮಟ್ಟಿಗೆ ಆಗಲೇ. ಕೆಲಸದ ನಡುವೆ ಪರದೆ ಕಪ್ಪಾಗುತ್ತದೆ. ‘ಕಾರ್ಡ್ ಹೋಗಿದೆ’ ಎಂಬ ತೀರ್ಪು ಹೊರಬಿದ್ದು, ಸುಮಾರು 60 ಕಿ.ಮೀ. ದೂರದ ಮೈಸೂರಿನಿಂದ ಹೊಸದನ್ನು ತರಿಸಲಾಗುತ್ತದೆ. ಅದೇ ಕ್ಯಾಬಿನೆಟ್, ಅದೇ ಕೋಣೆ ಸೇರಿದ ಹೊಸ ಕಾರ್ಡ್ ಸಹ ಮುಂದೆ ಅದೇ ರಾಗ ಹಾಡಿದರೆ ಆಶ್ಚರ್ಯವಿಲ್ಲ. ಸಾವಿರಾರು ರೂಪಾಯಿ ವ್ಯಯಿಸುವ ಮುನ್ನ ಅರ್ಧ ಗಂಟೆಯ ಪರೀಕ್ಷೆ ನಡೆಸಿದಲ್ಲಿ, ದೋಷ ಕಾರ್ಡಿನದೋ, ಕ್ಯಾಬಿನೆಟ್ಟಿನದೋ ಅಥವಾ ಕೋಣೆಯದೋ ಎಂಬುದು ಬಹುಪಾಲು ತಿಳಿದುಬರುತ್ತದೆ.

ಗಾಳಿಯಿಂದ ತಂಪಾಗುವ ಯಾವ ಕಾರ್ಡೂ ತನ್ನ ಸುತ್ತಲಿನ ಗಾಳಿಗಿಂತ ತಣ್ಣಗಾಗಲಾರದು. ಚಿಪ್‌ನಲ್ಲಿ ಹುಟ್ಟಿದ ಶಾಖ ತೆಳುವಾದ ಥರ್ಮಲ್ ಪೇಸ್ಟ್ ಪದರದ ಮೂಲಕ ಹೀಟ್‌ಸಿಂಕ್‌ನ ಲೋಹದ ರೆಕ್ಕೆಗಳನ್ನು ಸೇರುತ್ತದೆ. ಫ್ಯಾನ್ ಅದನ್ನು ಗಾಳಿಗೆ ದಾಟಿಸುತ್ತದೆ. ಆದ್ದರಿಂದ ಕಾರ್ಡಿನ ಉಷ್ಣಾಂಶವನ್ನು ಒಂಟಿ ಅಂಕಿಯಾಗಿ ನೋಡದೆ, ಕೋಣೆಗಿಂತ ಅದು ಎಷ್ಟು ಹೆಚ್ಚು ಎಂದು ನೋಡಬೇಕು. ಪೂರ್ಣ ಕೆಲಸದಲ್ಲಿ ಕೋಣೆಗಿಂತ 45 ಡಿಗ್ರಿ ಮೇಲೇರುವ ಕಾರ್ಡೊಂದನ್ನು ಊಹಿಸಿಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಮೇಲಿನ 24 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿ ಅದು 69ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಟ್ಟದ ಕೆಳಗೆ, ಮಧ್ಯಾಹ್ನ 38 ಡಿಗ್ರಿ ಕಾದ ಶೀಟಿನ ಮಾಡಿನ ಅಂಗಡಿಯಲ್ಲಿ ಅದೇ ಕಾರ್ಡ್ 83 ಮುಟ್ಟುತ್ತದೆ. ಎನ್‌ವಿಡಿಯಾದ ಅನೇಕ ಕಾರ್ಡ್‌ಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳತೊಡಗುವುದು ಇದರ ಆಸುಪಾಸಿನಲ್ಲಿಯೇ. ಕಾರ್ಡಿನಲ್ಲಿ ಕಿಂಚಿತ್ತೂ ದೋಷವಿಲ್ಲ. ಕೆಲಸ ಮಾತ್ರ ನಿಧಾನವಾಯಿತು.

ಬಿಸಿಯಿಂದ ಬರುವ ತೊಂದರೆಗೆ ತನ್ನದೇ ಲಕ್ಷಣವುಂಟು: ಅದು ಯಂತ್ರ ಚಾಲೂ ಆದ ಕೂಡಲೇ ಬರುವುದಿಲ್ಲ, ಹತ್ತಿಪ್ಪತ್ತು ನಿಮಿಷಗಳ ಕೆಲಸದ ಬಳಿಕ ಬರುತ್ತದೆ. ಮೊದಲು ಫ್ಯಾನ್ ಸದ್ದು ಏರುತ್ತದೆ, ನಂತರ ಕೆಲಸ ಕುಂಟುತ್ತದೆ, ಕೊನೆಗೆ ಪರದೆ ಮಾತ್ರ ಆರಿಹೋಗಿ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿರಬಹುದು. ಬೆಳಗ್ಗೆ ತಣ್ಣಗಿರುವಾಗಲೇ ಪರದೆಯಲ್ಲಿ ಬಣ್ಣದ ಚುಕ್ಕಿ, ಗೆರೆಗಳು ಕಂಡರೆ ಕಾರ್ಡಿನ ಮೆಮೊರಿಯೋ ಬೆಸುಗೆಯೋ ಕೆಟ್ಟಿರುವ ಸಂಭವ ಹೆಚ್ಚು. ಇಡೀ ಕಂಪ್ಯೂಟರ್ ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತುಹೋದರೆ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ ಪೂರೈಕೆಯನ್ನು. ಅಂಗಡಿಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಸಾಧಾರಣವಾಗಿ 360 ವ್ಯಾಟ್‌ವರೆಗೆ ಮಾತ್ರ ಹೊರೆ ತಾಳುತ್ತದೆ. ದೊಡ್ಡ ಕಾರ್ಡ್, ಪ್ರೊಸೆಸರ್, ಮಾನಿಟರ್ ಮೂರೂ ಒಟ್ಟಿಗೆ ದುಡಿದಾಗ ಈ ಮಿತಿ ಮೀರುವುದು ಕಷ್ಟವೇನಲ್ಲ. ಕರೆಂಟ್ ಹೋದ ಕ್ಷಣದಲ್ಲೇ ಯಂತ್ರ ನಿಲ್ಲುತ್ತಿದ್ದರಂತೂ ಕಾರ್ಡನ್ನು ದೂರುವುದು ಅನ್ಯಾಯ.

ಪರೀಕ್ಷೆಗೆ ಹಣ ಬೇಕಿಲ್ಲ. ವಿಂಡೋಸ್ 10ರ 2020ರ ಮೇ ಆವೃತ್ತಿಯಿಂದೀಚೆಗೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟವೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಉಷ್ಣಾಂಶವನ್ನು ತೋರಿಸುತ್ತದೆ. ಉಚಿತವಾಗಿ ದೊರೆಯುವ ಜಿಪಿಯು-ಝೆಡ್ ತಂತ್ರಾಂಶ ಇನ್ನೂ ಹೆಚ್ಚು ವಿವರ ಕೊಡುತ್ತದೆ. ಕೋಣೆಯ ಉಷ್ಣಾಂಶವನ್ನು ಬರೆದುಕೊಂಡು, ಹತ್ತು ನಿಮಿಷ ಯಂತ್ರವನ್ನು ಸುಮ್ಮನೆ ಬಿಟ್ಟು ನೋಡಬೇಕು. ಬಳಿಕ ಇಪ್ಪತ್ತು ನಿಮಿಷ ನಿತ್ಯದ ಭಾರವಾದ ಕೆಲಸವನ್ನೇ ಕೊಡಬೇಕು. ಫರ್‌ಮಾರ್ಕ್‌ನಂಥ ಒತ್ತಡ ಪರೀಕ್ಷೆಗಿಂತ, ತೊಂದರೆ ಕೊಟ್ಟ ಕೆಲಸವೇ ಉತ್ತಮ ಪರೀಕ್ಷೆ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಜಿಪಿಯು-ಝೆಡ್‌ನಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲಿದೆ. ಅಲ್ಲಿ ‘ಥರ್ಮ್’ ಎಂದು ಕಂಡರೆ ವೇಗ ತಗ್ಗಲು ಬಿಸಿಯೇ ಕಾರಣ. ‘ಪಿಡಬ್ಲ್ಯೂಆರ್’ ಎಂದಿದ್ದರೆ ವಿದ್ಯುತ್ ಮಿತಿ ತಲುಪಿದೆ ಎಂದಷ್ಟೇ ಅರ್ಥ. ಸುಮ್ಮನಿರುವಾಗ ಫ್ಯಾನ್ ತಿರುಗದಿದ್ದರೆ ಗಾಬರಿ ಬೇಡ. ಈಚಿನ ಅನೇಕ ಕಾರ್ಡ್‌ಗಳಲ್ಲಿ 50-60 ಡಿಗ್ರಿ ತಲುಪುವ ತನಕ ಫ್ಯಾನ್ ನಿಂತೇ ಇರುತ್ತದೆ.

ಮುಂದಿನ ಹೆಜ್ಜೆ ಎಲ್ಲಕ್ಕಿಂತ ಮುಖ್ಯ. ಕ್ಯಾಬಿನೆಟ್‌ನ ಪಕ್ಕದ ಬಾಗಿಲನ್ನು ತೆಗೆದಿಟ್ಟು ಅದೇ ಕೆಲಸವನ್ನು ಮತ್ತೆ ಮಾಡಿಸಬೇಕು. ಉಷ್ಣಾಂಶ ಎಂಟು-ಹತ್ತು ಡಿಗ್ರಿ ಇಳಿದರೆ ಒಳಗೆ ಗಾಳಿಯಾಡುತ್ತಿಲ್ಲ ಎಂದು ತಿಳಿಯಬೇಕು. ಟೇಬಲ್ಲಿನ ಮುಚ್ಚಿದ ಖಾನೆಯಲ್ಲಿಟ್ಟ ಕ್ಯಾಬಿನೆಟ್, ಧೂಳಿಗೆ ಹೆದರಿ ಹೊದಿಸಿದ ಬಟ್ಟೆ, ಗೋಡೆಗೆ ಒತ್ತಿದ ಹಿಂಬದಿ ಇವೇ ಸಾಮಾನ್ಯ ಅಪರಾಧಿಗಳು. ಬಾಗಿಲು ತೆಗೆದರೂ ಅಂಕಿ ಕದಲದಿದ್ದರೆ ಕಾರ್ಡಿನದೇ ಫ್ಯಾನ್, ರೆಕ್ಕೆ ಅಥವಾ ಪೇಸ್ಟ್ ನೋಡಬೇಕು. ಕೆಲವು ಕಾರ್ಡ್‌ಗಳು ‘ಹಾಟ್‌ಸ್ಪಾಟ್’ ಉಷ್ಣಾಂಶವನ್ನೂ ತೋರಿಸುತ್ತವೆ. ಅದು ಸಾಮಾನ್ಯ ಅಂಕಿಗಿಂತ 30 ಡಿಗ್ರಿಗೂ ಮೇಲಿದ್ದರೆ ಪೇಸ್ಟ್ ಒಣಗಿರುವ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲದ ಶಂಕೆ ಬಲವಾಗುತ್ತದೆ. ಹಾಟ್‌ಸ್ಪಾಟ್ ಅಂಕಿಯೊಂದನ್ನೇ ಕಂಡು ಬೆದರಬಾರದು: 2019ರ ಆರ್‌ಎಕ್ಸ್ 5700 ಸರಣಿಗೆ 110 ಡಿಗ್ರಿಯೂ ನಿರೀಕ್ಷಿತ ಮಿತಿಯೊಳಗೇ ಎಂದು ತಯಾರಕ ಸಂಸ್ಥೆ ಎಎಂಡಿ ತಿಳಿಸಿತ್ತು.

ರೇಷ್ಮೆ ಕೈಮಗ್ಗಕ್ಕೆ ಹೆಸರಾದ ಊರಿನಲ್ಲಿ ಮಗ್ಗದ ಮನೆಯಲ್ಲೋ ಸೀರೆ ಅಂಗಡಿಯಲ್ಲೋ ಇರುವ ಕಂಪ್ಯೂಟರಿಗೆ ಬರೀ ಧೂಳಷ್ಟೇ ಕಾಟವಲ್ಲ. ನೂಲಿನ ಸೂಕ್ಷ್ಮ ಎಳೆಗಳು ಫ್ಯಾನಿನ ಹಿಂದೆ, ರೆಕ್ಕೆಗಳ ಬಾಯಲ್ಲಿ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಊದುಬತ್ತಿಯ ಹೊಗೆ ಅದಕ್ಕೆ ಜಿಡ್ಡು ಸೇರಿಸುತ್ತದೆ. ಫ್ಯಾನ್ ಚೆನ್ನಾಗಿಯೇ ತಿರುಗುತ್ತಿದ್ದರೂ ಗಾಳಿ ಒಳಹೋಗದು. ಟಾರ್ಚ್ ಹಿಡಿದು ರೆಕ್ಕೆಗಳ ನಡುವೆ ನೋಡಿದರಷ್ಟೇ ಇದು ಕಾಣುತ್ತದೆ. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಫ್ಯಾನಿನ ಅಲಗನ್ನು ಬೆರಳಿನಿಂದ ಹಿಡಿದು, ಮೃದುವಾದ ಬ್ರಷ್ ಮತ್ತು ಬ್ಲೋಯರ್‌ನಿಂದ ಶುಚಿಗೊಳಿಸಬೇಕು. ಪಂಕ್ಚರ್ ಅಂಗಡಿಗೆ ಕೊಂಡೊಯ್ದು ಗಾಳಿ ಹೊಡೆಸುವುದು ತಪ್ಪು: ಅಲ್ಲಿನ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹನಿ ಮತ್ತು ಎಣ್ಣೆಯ ಅಂಶ ಇರುತ್ತದೆ.

ಪೇಸ್ಟ್ ಬದಲಿಸಲು ಕಾರ್ಡನ್ನು ಬಿಚ್ಚಬೇಕಾಗುತ್ತದೆ. ವಾರಂಟಿ ಉಳಿದಿದ್ದರೆ ಮಾರಾಟಗಾರರನ್ನು ಕೇಳದೆ ಸ್ಕ್ರೂಗೆ ಕೈಹಚ್ಚದಿರುವುದು ಲೇಸು. ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್‌ಗಳಿಗೆ ನಿಗದಿತ ದಪ್ಪವಿದೆ. ದಪ್ಪ ವ್ಯತ್ಯಾಸವಾದರೆ ಹೀಟ್‌ಸಿಂಕ್ ಚಿಪ್‌ಗೆ ತಾಗದೆ ಮೊದಲಿಗಿಂತ ಹೆಚ್ಚು ಬಿಸಿಯಾದೀತು.

ಸತ್ತ ಕಾರ್ಡನ್ನು ಹೀಟ್ ಗನ್ನಿನಿಂದ ಕಾಯಿಸಿ ‘ಬದುಕಿಸುವ’ ಪದ್ಧತಿಯೂ ಉಂಟು. ಪದೇ ಪದೇ ಕಾದು ತಣಿಯುವುದರಿಂದ ಚಿಪ್‌ನೊಳಗಿನ ಸೂಕ್ಷ್ಮ ಸಂಪರ್ಕಗಳು ಬಿರುಕು ಬಿಡುತ್ತವೆ. 2008ರಲ್ಲಿ ಎನ್‌ವಿಡಿಯಾ, ಲ್ಯಾಪ್‌ಟಾಪ್‌ಗಳಲ್ಲಿ ಬಳಕೆಯಾಗಿದ್ದ ತನ್ನ ಕೆಲವು ಚಿಪ್‌ಗಳ ಇಂಥದೇ ವೈಫಲ್ಯಕ್ಕಾಗಿ 15ರಿಂದ 20 ಕೋಟಿ ಡಾಲರ್ ವೆಚ್ಚ ತೋರಿಸಬೇಕಾಯಿತು. ಕಾಯಿಸಿದಾಗ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳಬಹುದು, ಆದರೆ ಅದು ದುರಸ್ತಿಯಲ್ಲ. ಹಾಗೆ ಎದ್ದು ಕೂತ ಕಾರ್ಡುಗಳು ಹಳೆಯ ಸಾಮಾನಿನ ಮಾರುಕಟ್ಟೆಗೂ ಬರುತ್ತವಾದ್ದರಿಂದ, ಬಳಸಿದ ಕಾರ್ಡ್ ಕೊಳ್ಳುವವರು ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಓಡಿಸಿ ನೋಡುವುದು ಕ್ಷೇಮ.

ಶುಚಿ ಮಾಡಿದ ಬಳಿಕ ಅದೇ ಕೆಲಸ, ಅದೇ ಇಪ್ಪತ್ತು ನಿಮಿಷ ನಡೆಸಿ, ಕೋಣೆ ಮತ್ತು ಕಾರ್ಡಿನ ಅಂಕಿಗಳ ಅಂತರವನ್ನು ಮತ್ತೆ ಬರೆಯಬೇಕು. ಆ ಚೀಟಿಯನ್ನು ದಿನಾಂಕದೊಡನೆ ಕ್ಯಾಬಿನೆಟ್ ಬಾಗಿಲ ಒಳಬದಿಗೆ ಅಂಟಿಸಿಟ್ಟರೆ, ಮುಂದಿನ ಏಪ್ರಿಲ್‌ನಲ್ಲಿ ಹೋಲಿಸಿ ನೋಡಲು ಒದಗುತ್ತದೆ.