ಭ್ರೂಣದ ಮೂಳೆಗಟ್ಟುವಿಕೆ ಮತ್ತು ರೇಡಿಯೋ ತರಂಗ: ಮೂರು ಪ್ರಯೋಗಗಳ ಹೋಲಿಕೆ

1. ವ್ಯಾಪ್ತಿ

ರೇಡಿಯೋ ಆವರ್ತನದ ವಿದ್ಯುತ್ಕಾಂತೀಯ ವಿಕಿರಣ ಭ್ರೂಣದ ಮೂಳೆಗಟ್ಟುವಿಕೆಯ (ಅಸ್ಥೀಭವನ) ಮೇಲೆ ಬೀರಬಹುದಾದ ಪರಿಣಾಮ ಕುರಿತ ಮೂರು ಪ್ರಾಣಿಪ್ರಯೋಗಗಳನ್ನು ಇಲ್ಲಿ ಹೋಲಿಸಿದೆ. ಫಲಿತಾಂಶಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿವೆ.

2. ಮೂಲಗಳು

ಅ) ಬರ್ಮನ್ ಮತ್ತು ಸಂಗಡಿಗರು, 1982: ಗರ್ಭಿಣಿ ಸುಂಡಿಲಿಗಳು, 2450 ಮೆಗಾಹರ್ಟ್ಸ್, ಶಕ್ತಿ ಹೀರಿಕೆಯ ದರ (ಎಸ್‌ಎಆರ್) ಕಿಲೋಗ್ರಾಂಗೆ 16.5 ವಾಟ್. ಭ್ರೂಣದ ತೂಕ ಸುಮಾರು ಶೇ. 10ರಷ್ಟು ಕಡಿಮೆ, ಎದೆಮೂಳೆಯ ಅಸ್ಥೀಭವನದಲ್ಲಿ ವಿಳಂಬ.

ಆ) ಒಗಾವಾ ಮತ್ತು ಸಂಗಡಿಗರು, 2009: ಗರ್ಭಿಣಿ ಇಲಿಗಳು, 1.95 ಗಿಗಾಹರ್ಟ್ಸ್, ಗರ್ಭದ 7ರಿಂದ 17ನೇ ದಿನದವರೆಗೆ ನಿತ್ಯ 90 ನಿಮಿಷ, ತಾಯಿಯ ಮೆದುಳಿನ ಸರಾಸರಿ ಎಸ್‌ಎಆರ್ ಕಿಲೋಗ್ರಾಂಗೆ 0.67 ಮತ್ತು 2.0 ವಾಟ್. ಅಸ್ಥಿಪಂಜರ ಪರೀಕ್ಷೆಯೂ ಸೇರಿ, ಭ್ರೂಣಗಳಲ್ಲಿ ದುಷ್ಪರಿಣಾಮ ಕಂಡುಬಂದಿಲ್ಲ.

ಇ) ಫ್ರಾಗೊಪೂಲು ಮತ್ತು ಸಂಗಡಿಗರು, 2010: ಗರ್ಭಿಣಿ ಸುಂಡಿಲಿಗಳು, 900 ಮೆಗಾಹರ್ಟ್ಸ್ ಜಿಎಸ್‌ಎಂ ಮೊಬೈಲ್. ಮರಿಗಳ ಹೊರರೂಪ ಸಹಜ. ತಲೆಬುರುಡೆ ಹಾಗೂ ಪಕ್ಕೆಲುಬುಗಳ ಅಸ್ಥೀಭವನದಲ್ಲಿ ವ್ಯತ್ಯಾಸ, ಕೆಳದವಡೆಯ ಮೆಕೆಲ್ ಮೃದ್ವಸ್ಥಿಯ ಸ್ಥಾನಪಲ್ಲಟ. ಹಲ್ಲು ಮೂಡಿದ ಬಳಿಕ ನೋಡಿದ ಮರಿಗಳು ಸಹಜವಾಗಿದ್ದವು.

3. ವರ್ಣಲೇಪನ ತೋರುವುದೇನು

ಭ್ರೂಣದ ಅಸ್ಥಿಪಂಜರ ಪರೀಕ್ಷಿಸಲು ಬಳಸುವ ಜೋಡಿ ವರ್ಣಲೇಪನದಲ್ಲಿ ಸಾಮಾನ್ಯವಾಗಿ ಆಲ್ಸಿಯನ್ ನೀಲಿ ಮೃದ್ವಸ್ಥಿಗೂ ಅಲಿಝರಿನ್ ಕೆಂಪು ಕ್ಯಾಲ್ಸಿಯಂಗೂ ಅಂಟುತ್ತದೆ. ಒಂದು ಪಕ್ಕೆಲುಬಿನಲ್ಲಿ ಕೆಂಪು ಮೊಟಕಾಗಿ ನೀಲಿ ಮುಂದುವರಿದಿದ್ದರೆ ಅಲ್ಲಿ ಖನಿಜ ಇನ್ನೂ ಕೂಡಿಲ್ಲ ಎಂದಷ್ಟೇ ಅರ್ಥ. ಎಲುಬು ರೂಪುಗೊಂಡಿಲ್ಲ ಎಂದಲ್ಲ. ಮೊದಲನೆಯದು ವಿಳಂಬ, ಎರಡನೆಯದು ವಿರೂಪ. ಗರ್ಭದ ಕೊನೆಯ ದಿನಗಳಲ್ಲಿ ಖನಿಜೀಕರಣ ತ್ವರಿತವಾಗಿ ಸಾಗುವುದರಿಂದ ಗರ್ಭದ ವಯಸ್ಸಿನ ಅಲ್ಪ ಅಂತರವೂ ವಿಳಂಬದಂತೆ ಕಾಣಬಹುದು.

4. ಹೊಂದದ ಅಂಶಗಳು

(ಅ)ದಲ್ಲಿನ ದರವು ಅಂತರರಾಷ್ಟ್ರೀಯ ಅಯಾನೀಕರಿಸದ ವಿಕಿರಣ ಸಂರಕ್ಷಣಾ ಆಯೋಗ (ಐಸಿಎನ್‌ಐಆರ್‌ಪಿ) 2020ರಲ್ಲಿ ಸಾರ್ವಜನಿಕರಿಗೆ ಶಿಫಾರಸು ಮಾಡಿದ ಇಡೀ ದೇಹದ ಮಿತಿಯ (ಕಿಲೋಗ್ರಾಂಗೆ 0.08 ವಾಟ್) ಸುಮಾರು 206 ಪಟ್ಟು. ಇಲ್ಲಿ ತಾಯಿಯ ದೇಹ ಬಿಸಿಯಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು. ತೂಕ ಕಡಿಮೆಯಿದ್ದ ಭ್ರೂಣದಲ್ಲಿ ಅಸ್ಥೀಭವನ ಹಿಂದುಳಿಯುವುದೂ ಅನಿರೀಕ್ಷಿತವಲ್ಲ. (ಆ)ದ ಅಂಕಿ ತಾಯಿಯ ಮೆದುಳಿನದು, ಭ್ರೂಣದ್ದಲ್ಲ. (ಇ)ದಲ್ಲಿ ವಿಕಿರಣದ ಮೂಲ ಪಂಜರದ ಬಳಿಯ ಮೊಬೈಲ್. ಸಮೀಪ ಕ್ಷೇತ್ರದಲ್ಲಿ ಅಂತರ ತುಸು ಬದಲಾದರೂ ಹೀರಿಕೆ ಬದಲಾಗುತ್ತದೆ. ಹೀಗಾಗಿ ಮೂರೂ ಪ್ರಯೋಗಗಳ ಹೀರಿಕೆಯನ್ನು ಒಂದೇ ಮಾಪಕದಲ್ಲಿ ಇಡುವುದು ಕಷ್ಟ.

5. ನಿರ್ಣಯ

ಮೂರನ್ನೂ ಒಟ್ಟಿಗೆ ಓದಿದಾಗ, ಸುಂಡಿಲಿಯಲ್ಲಿ ಅಸ್ಥೀಭವನ ವಿಳಂಬವಾಗುವ ಸಾಧ್ಯತೆಯಿದೆ ಎಂಬಷ್ಟಕ್ಕೆ ಆಧಾರ ದೊರೆಯುತ್ತದೆ; ಶಾಶ್ವತ ಅಸ್ಥಿವಿರೂಪಕ್ಕೆ ದೊರೆಯುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) 2011ರಲ್ಲಿ ರೇಡಿಯೋ ತರಂಗಗಳಿಗೆ ನೀಡಿದ ‘2ಬಿ’ ವರ್ಗೀಕರಣ ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಅದನ್ನು ಇಲ್ಲಿ ಸಾಕ್ಷ್ಯವಾಗಿ ಬಳಸುವುದು ಸರಿಯಲ್ಲ. ಮುಂದಿನ ಪ್ರಯೋಗಗಳು ಭ್ರೂಣದ ಎಸ್‌ಎಆರ್ ಮತ್ತು ತಾಯಿಯ ದೇಹತಾಪವನ್ನು ದಾಖಲಿಸಬೇಕು. ಬಿಡಿ ಮರಿಯ ಬದಲು ಒಂದು ಸೂಲಿನ ಮರಿಗಳನ್ನು ಒಂದು ಘಟಕವಾಗಿ ಎಣಿಸಬೇಕು. ಅಲ್ಲಿಯವರೆಗೆ ಈ ಫಲಿತಾಂಶಗಳನ್ನು ಮಾನವ ಗರ್ಭಕ್ಕೆ ನೇರವಾಗಿ ಅನ್ವಯಿಸಲಾಗದು.