ಪರದೆಯ ಮೇಲಿನ ಮೇಷ್ಟರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾರೆ. ಹೊಸ ಆ್ಯಪ್ ತೆರೆದೊಡನೆ ಒಂದು ಗುಂಡಿಯ ಪಕ್ಕದಲ್ಲಿ ಪುಟ್ಟ ಚೌಕ ಮೂಡಿ, ‘ಮೊದಲು ಇದನ್ನು ಒತ್ತಿ’ ಎಂದು ಹೇಳುವುದನ್ನು ನೀವೆಲ್ಲ ಕಂಡಿದ್ದೀರಿ. ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ನನಗೆ ಆ ಚೌಕದ ಇತಿಹಾಸ ಬಹಳ ಸ್ವಾರಸ್ಯಕರವಾಗಿ ಕಂಡಿದೆ.

ಆರಂಭದಲ್ಲಿ ಪಾಠವು ಯಂತ್ರದ ಹೊರಗಿತ್ತು. ಗಣಕದೊಡನೆ ದಪ್ಪನೆಯ ಕೈಪಿಡಿಗಳು ಬರುತ್ತಿದ್ದವು. 1984ರ ಮೆಕಿಂತೋಷ್ ಜೊತೆಯಲ್ಲಿ ಪರಿಚಯದ ಪಾಠವಿದ್ದ ಕ್ಯಾಸೆಟ್ ಒಂದನ್ನೂ ಕೊಡುತ್ತಿದ್ದರು. ಅದೇ ವರ್ಷ ಐಬಿಎಂ ಸಂಸ್ಥೆಯ ಸಂಶೋಧಕ ಜಾನ್ ಕ್ಯಾರೊಲ್ ಮತ್ತು ಅವರ ಸಹೋದ್ಯೋಗಿ, ಹೊಸಬರನ್ನು ದಾರಿ ತಪ್ಪಿಸುವ ಆಯ್ಕೆಗಳನ್ನು ತಾತ್ಕಾಲಿಕವಾಗಿ ಮುಚ್ಚಿಡುವ ಪ್ರಯೋಗವನ್ನು ಪ್ರಕಟಿಸಿದರು. ನಾವು ಚುಕ್ಕೆಗಳ ಮೇಲೆ ಅಕ್ಷರ ತಿದ್ದಿಸಿ, ಕೈ ಕುದುರಿದ ಮೇಲೆ ಚುಕ್ಕೆಗಳನ್ನು ಬಿಡುತ್ತಿದ್ದೆವಲ್ಲ, ಹಾಗೆಯೇ ಇದು. ಜನ ಕೈಪಿಡಿಯನ್ನು ಓದಿ ಮುಗಿಸಿ ಕಲಿಯುವುದಿಲ್ಲ, ತಮ್ಮ ಕೆಲಸ ಮಾಡುತ್ತಲೇ ಕಲಿಯುತ್ತಾರೆಂಬುದು ಕ್ಯಾರೊಲ್ ಅವರ ಮುಖ್ಯ ತಿಳಿವಳಿಕೆ.

1994ರಲ್ಲಿ ಆಪಲ್ ಸಂಸ್ಥೆಯ ‘ಆಪಲ್ ಗೈಡ್’, ಒತ್ತಬೇಕಾದ ಜಾಗದ ಸುತ್ತ ಪರದೆಯ ಮೇಲೆಯೇ ಕೆಂಪು ಗೆರೆ ಎಳೆದು ತೋರಿಸಿತು. ಪಾಠ ಕೆಲಸದ ಜಾಗಕ್ಕೇ ಬಂದಿತು. ಬಳಿಕ ಮೈಕ್ರೋಸಾಫ್ಟ್‌ನ ‘ಆಫೀಸ್ 97’ರಲ್ಲಿ ಕಣ್ಣು ಮಿಟುಕಿಸುವ ಜೆಮ್ ಕ್ಲಿಪ್ಪಿನ ಆಕೃತಿ ಬಂದಿತು. ಪತ್ರ ಬರೆಯತೊಡಗಿದೊಡನೆ ‘ಸಹಾಯ ಬೇಕೇ?’ ಎನ್ನುತ್ತಿತ್ತು. ಕೇಳದೆ ಬರುವ, ಕಲಿತ ಮೇಲೂ ಹೋಗದ ಮೇಷ್ಟರನ್ನು ಯಾವ ತರಗತಿ ಸಹಿಸೀತು? 2007ರ ಆವೃತ್ತಿಯಲ್ಲಿ ಅದು ಇರಲಿಲ್ಲ.

ಇಸ್ರೇಲಿನಲ್ಲಿ 2011ರಲ್ಲಿ ಹುಟ್ಟಿದ ವಾಕ್‌ಮೀ, ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ವಾಟ್‌ಫಿಕ್ಸ್ ಮೊದಲಾದ ಸಂಸ್ಥೆಗಳ ಸಲಕರಣೆಗಳು ಮುಂದಿನ ಹೆಜ್ಜೆ. ಮೂಲ ತಂತ್ರಾಂಶವನ್ನು ಮುಟ್ಟದೆ ಅದರ ಮೇಲೆ ಸೂಚನೆಗಳ ತೆಳುಪದರವೊಂದನ್ನು ಹಾಸುವುದು ಇವುಗಳ ರೀತಿ. ಪ್ರೋಗ್ರಾಮಿಂಗ್ ಅರಿಯದವರೂ ಗುಂಡಿಯೊಂದನ್ನು ಆರಿಸಿ ಪಕ್ಕದಲ್ಲಿ ಎರಡು ಸಾಲು ಬರೆಯಬಹುದು. ಸೂಚನೆ ಯಾರಿಗೆ, ಯಾವಾಗ ಕಾಣಬೇಕೆಂದು ಗೊತ್ತುಪಡಿಸಬಹುದು. ಬಳಕೆದಾರರು ಎಲ್ಲಿ ನಿಂತರೆಂದೂ ನೋಡಬಹುದು. 2024ರಲ್ಲಿ ಜರ್ಮನಿಯ ಎಸ್‌ಎಪಿ ಸುಮಾರು 150 ಕೋಟಿ ಡಾಲರ್ ಕೊಟ್ಟು ವಾಕ್‌ಮೀಯನ್ನು ಕೊಂಡಿತು. ಕಲಿಸುವ ಕೆಲಸಕ್ಕೆ ಇಷ್ಟು ಬೆಲೆಯೇ ಎಂದು ನಾವು ಮೇಷ್ಟರು ಬೆರಗಾಗಬೇಕು!

ಆದರೆ ಸಲಕರಣೆ ಸುಲಭವಾದಷ್ಟೂ ಸೂಚನೆಗಳು ಅತಿಯಾಗುತ್ತವೆ. ‘ಮುಂದೆ, ಮುಂದೆ’ ಎಂದು ಒತ್ತಿ ಮುಗಿಸಿದವರೆಲ್ಲ ಕಲಿತವರಲ್ಲ. ಬಾಯಿಪಾಠ ಒಪ್ಪಿಸಿದವರೆಲ್ಲ ಪಾಠ ಅರಿತವರಾಗಿದ್ದರೇ? ಇದರ ಕಷ್ಟ ಬೀಳುವುದು ಚುರುಕಾದ ಹುಡುಗರ ಮೇಲಲ್ಲ. ನಿವೃತ್ತಿಗೆ ಎರಡು ವರ್ಷವಿರುವಾಗ ಕಚೇರಿಯ ಲೆಕ್ಕವೆಲ್ಲ ಹೊಸ ತಂತ್ರಾಂಶಕ್ಕೆ ಹೋಗಿ, ಕಿರಿಯರನ್ನು ಕೇಳಲು ಸಂಕೋಚಪಡುವ ಗುಮಾಸ್ತರ ಮೇಲೆ. ಆ ಸೂಚನೆಯೂ ಅವರಿಗೆ ಒಗ್ಗದ ಇಂಗ್ಲಿಷಿನಲ್ಲಿದ್ದರೆ ಅವರು ಸುಮ್ಮನೆ ಕೈಕಟ್ಟಿ ಕುಳಿತುಬಿಡುತ್ತಾರೆ.

ನಿಮ್ಮಲ್ಲಿ ಯಾರಾದರೂ ಇಂಥ ಮಾರ್ಗದರ್ಶಿಗಳನ್ನು ಬರೆಯುವವರಿದ್ದರೆ ಒಂದು ಮಾತು. ಬರೆದ ಮೇಲೆ ಅಂಥ ಹಿರಿಯರೊಬ್ಬರನ್ನು ಕೂರಿಸಿ, ನೀವು ಬಾಯಿ ಬಿಡದೆ ಅವರ ಕೈಯನ್ನು ಗಮನಿಸಿ. ಎರಡನೆಯ ದಿನ ಆ ಸೂಚನೆಗಳನ್ನು ಮರೆಮಾಡಿ, ಅದೇ ಕೆಲಸವನ್ನು ಮತ್ತೊಮ್ಮೆ ಕೊಟ್ಟು ನೋಡಿ. ಪಾಠ ನಾಟಿತೋ ಇಲ್ಲವೋ ಎಂಬುದು ಆಗ ತಿಳಿಯುತ್ತದೆ.