ಒಡೆದ ಬಲ್ಬು, ಉಳಿಯದ ಬೆಳಕು

1881ರ ಡಿಸೆಂಬರ್ 28. ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ‘ಪೇಷೆನ್ಸ್’ ಗೀತನಾಟಕ ನಡೆಯುತ್ತಿತ್ತು. ಥಿಯೇಟರಿನ ಒಡೆಯ ರಿಚರ್ಡ್ ಡಾಯ್ಲಿ ಕಾರ್ಟ್ ರಂಗದ ಮೇಲೆ ಬಂದರು. ಉರಿಯುತ್ತಿದ್ದ ವಿದ್ಯುತ್ ಬಲ್ಬೊಂದಕ್ಕೆ, ಕಿಡಿ ತಾಗಿದರೆ ಸಾಕು ಹೊತ್ತಿಕೊಳ್ಳುವಂಥ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಎಲ್ಲರೆದುರೇ ಅದನ್ನು ಒಡೆದರು. ಬಲ್ಬು ಆರಿತು. ಬಟ್ಟೆ ಮಾತ್ರ ಸುಡಲಿಲ್ಲ. ಅದನ್ನು ಎತ್ತಿ ಹಿಡಿದು ಪ್ರೇಕ್ಷಕರಿಗೆ ತೋರಿಸಿದರು.

ಇಂದು ನಮಗೆ ಇದು ಮಕ್ಕಳಾಟದಂತೆ ಕಾಣಬಹುದು. ಅಂದಿನ ಪ್ರೇಕ್ಷಕರಿಗೆ ಹಾಗೆ ಕಂಡಿರಲಾರದು. ಅದಕ್ಕೆ ಇಪ್ಪತ್ತು ದಿನ ಮೊದಲಷ್ಟೇ, ಡಿಸೆಂಬರ್ 8ರಂದು, ವಿಯೆನ್ನಾದ ರಿಂಗ್ ಥಿಯೇಟರ್ ಹೊತ್ತಿ ಉರಿದು ನೂರಾರು ಜನ ಸತ್ತಿದ್ದರು. ಐದು ವರ್ಷಗಳ ಹಿಂದೆ ಬ್ರೂಕ್ಲಿನ್ನಿನ ಥಿಯೇಟರೊಂದರಲ್ಲಿ ರಂಗದ ಗ್ಯಾಸ್ ದೀಪ ಪರದೆಗೆ ತಾಗಿ ಹೊತ್ತಿಕೊಂಡ ಬೆಂಕಿಗೆ 270ಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ನಾಟಕಕ್ಕೆ ಹೋಗುವುದೆಂದರೆ ಬಣ್ಣದ ಬಟ್ಟೆ, ಮರದ ಚೌಕಟ್ಟು ಮತ್ತು ನೂರಾರು ಜ್ವಾಲೆಗಳ ನಡುವೆ ಹೋಗಿ ಕೂರುವುದು ಎಂದೇ ಅರ್ಥವಾಗಿತ್ತು.

ಪ್ರೇಕ್ಷಕರಿಗಿಂತ ಬೆಂಕಿಗೆ ಹತ್ತಿರವಿದ್ದವರು ಕಲಾವಿದರು. ಪ್ಯಾರಿಸ್ ಒಪೆರಾದ ನರ್ತಕಿ ಎಮ್ಮಾ ಲಿವ್ರಿಗೆ 1862ರ ನವೆಂಬರಿನಲ್ಲಿ ಇಪ್ಪತ್ತು ವರ್ಷ. ತಾಲೀಮಿನ ಹೊತ್ತಿನಲ್ಲಿ ಆಕೆಯ ಲಂಗದ ಅಂಚು ಗ್ಯಾಸ್ ದೀಪಕ್ಕೆ ತಾಗಿತು. ಎಂಟು ತಿಂಗಳು ನರಳಿ ಆಕೆ ತೀರಿಕೊಂಡಳು. ಬಟ್ಟೆಗೆ ಬೆಂಕಿ ಹಿಡಿಯದಂತೆ ಮಾಡುವ ದ್ರಾವಣವೊಂದು ಆಗಲೇ ಬಳಕೆಯಲ್ಲಿತ್ತು. ಆದರೆ ಅದರಲ್ಲಿ ಅದ್ದಿದ ಬಟ್ಟೆ ಬಿರುಸಾಗುತ್ತಿತ್ತು, ಬಣ್ಣಗೆಡುತ್ತಿತ್ತು. ಗಾಳಿಯಲ್ಲಿ ತೇಲಿದಂತೆ ಕಾಣಬೇಕಾದ ಉಡುಪು ಹಾಗಾಗುವುದನ್ನು ಆಕೆ ಒಪ್ಪಿರಲಿಲ್ಲ. ಬೆಳಕಿನಲ್ಲಿ ಚೆನ್ನಾಗಿ ಕಾಣಬೇಕೆಂಬ ಆಸೆ, ಅದೇ ಬೆಳಕಿನಿಂದ ಸಾಯುವ ಭಯ, ಎರಡೂ ಆ ಕಾಲದ ರಂಗದ ಮೇಲೆ ಜೊತೆಯಾಗಿಯೇ ಇದ್ದವು.

ಹಾಗಿದ್ದೂ ಗ್ಯಾಸನ್ನು ಏಕೆ ಬಳಸಿದರು? ಅದು ರಂಗಭೂಮಿಗೆ ಹೊಸದೊಂದು ಶಕ್ತಿಯನ್ನು ಕೊಟ್ಟಿತ್ತು. ಮೇಣದಬತ್ತಿ, ಎಣ್ಣೆದೀಪಗಳ ಕಾಲದಲ್ಲಿ ಬೆಳಕನ್ನು ಏರಿಸಿ ಇಳಿಸುವುದೇ ದೊಡ್ಡ ಸಾಹಸ. 1817ರ ಹೊತ್ತಿಗೆ ಲಂಡನ್ನಿನ ದೊಡ್ಡ ಥಿಯೇಟರುಗಳಿಗೆ ಗ್ಯಾಸ್ ಬಂತು. ಕೊಳವೆಗಳೆಲ್ಲ ರಂಗದ ಪಕ್ಕದ ಒಂದೇ ಜಾಗದಲ್ಲಿ ಬಂದು ಸೇರಿದ ಮೇಲೆ, ಅಲ್ಲಿ ನಿಂತ ಒಬ್ಬ ಮನುಷ್ಯ ನಲ್ಲಿಗಳನ್ನು ತಿರುಗಿಸಿ ಇಡೀ ರಂಗಕ್ಕೆ ಸಂಜೆಯನ್ನೋ ಬೆಳಗನ್ನೋ ತರಬಹುದಾಗಿತ್ತು. ಇಂದು ಸಭಾಂಗಣದ ಹಿಂಬದಿಯಲ್ಲಿ ಲೈಟಿಂಗ್ ಬೋರ್ಡಿನ ಮುಂದೆ ಕೂರುವವರ ವಂಶಾವಳಿ ಈ ನಲ್ಲಿ ತಿರುಗಿಸುವವನಿಂದಲೇ ಶುರುವಾಗುತ್ತದೆ.

ಆತನ ಜೊತೆಗಾರ ಲೈಮ್‌ಲೈಟಿನವನು. ಆಮ್ಲಜನಕ ಮತ್ತು ಜಲಜನಕದ ಉರಿಯನ್ನು ಸುಣ್ಣದ ತುಂಡಿನ ಮೇಲೆ ಹಾಯಿಸಿದರೆ ಅದು ಕಣ್ಣು ಕೋರೈಸುವಂತೆ ಬೆಳಗುತ್ತದೆ. 1837ರಿಂದ ರಂಗಕ್ಕೆ ಬಂದ ಈ ಬೆಳಕನ್ನು ಮಸೂರದ ಮೂಲಕ ಒಬ್ಬ ನಟನ ಮೇಲಷ್ಟೇ ಬೀಳಿಸಬಹುದಿತ್ತು. ಆದರೆ ಸುಣ್ಣ ಸವೆಯುತ್ತದೆ. ಅದನ್ನು ಆಗಾಗ ತಿರುಗಿಸುತ್ತಿರಬೇಕು, ಗ್ಯಾಸಿನ ಒತ್ತಡ ನೋಡಿಕೊಳ್ಳಬೇಕು, ಜೊತೆಗೆ ನಟ ಹೋದಲ್ಲೆಲ್ಲ ದೀಪವೂ ಹಿಂಬಾಲಿಸಬೇಕು. ‘ಲೈಮ್‌ಲೈಟಿನಲ್ಲಿ ಇರುವವರು’ ಎಂದು ನಾವು ಪ್ರಸಿದ್ಧರನ್ನು ಕರೆಯುತ್ತೇವೆ. ಆ ಬೆಳಕನ್ನು ಹಿಡಿದವನಿಗೆ ನಮ್ಮ ಮಾತಿನಲ್ಲಿ ಹೆಸರಿಲ್ಲ.

ಸವಾಯ್ ಥಿಯೇಟರಿನ ಸುಮಾರು 1,200 ಸ್ವಾನ್ ಬಲ್ಬುಗಳು ಭಯವನ್ನು ಕಳೆದವು. ಗ್ಯಾಸಿನ ವಾಸನೆ, ಸೆಕೆ ಎರಡೂ ಹೋದವು. ಆದರೆ ಎಲ್ಲರೂ ಸಂತೋಷಪಡಲಿಲ್ಲ. ಲಂಡನ್ನಿನದೇ ಲೈಸಿಯಂ ಥಿಯೇಟರಿಗೆ ವಿದ್ಯುತ್ ದೀಪಗಳು ಬಂದಾಗ ನಟಿ ಎಲೆನ್ ಟೆರಿ ಹಟಹಿಡಿದು ಗ್ಯಾಸನ್ನೇ ಮರಳಿ ತರಿಸಿದರು. ಗ್ಯಾಸಿನ ಬೆಳಕಿನಲ್ಲಿದ್ದ ಮೃದುತ್ವ ಹೊಸ ದೀಪದಲ್ಲಿಲ್ಲ ಎಂಬುದು ಅವರ ತಕರಾರು. ಆ ಥಿಯೇಟರನ್ನು ನಡೆಸುತ್ತಿದ್ದ ನಟ ಹೆನ್ರಿ ಇರ್ವಿಂಗ್ ಅವರದೂ ಅದೇ ನಿಲುವು. ಪ್ರೇಕ್ಷಕರಿರುವ ಭಾಗವನ್ನು ಕತ್ತಲಾಗಿಸಿ, ದೃಶ್ಯದಿಂದ ದೃಶ್ಯಕ್ಕೆ ಬೆಳಕನ್ನು ಹದಗೊಳಿಸಿ ತಾಲೀಮು ಮಾಡಿಸುತ್ತಿದ್ದವರು ಇರ್ವಿಂಗ್. ಇದೆಲ್ಲ ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವರ ಥಿಯೇಟರಿನ ವ್ಯವಸ್ಥಾಪಕರೊಬ್ಬರು ಬರೆದಿಟ್ಟಿದ್ದರಿಂದ. ಆ ವ್ಯವಸ್ಥಾಪಕರೇ ‘ಡ್ರಾಕುಲಾ’ ಕಾದಂಬರಿಯ ಬ್ರಾಮ್ ಸ್ಟೋಕರ್. ಅಂಥ ಬರಹಗಾರ ಪಕ್ಕದಲ್ಲಿ ಇಲ್ಲದಿದ್ದ ಥಿಯೇಟರುಗಳ ಬೆಳಕು ಹೇಗಿತ್ತು?

ಪ್ರಶ್ನೆ ಇರುವುದು ಇಲ್ಲಿಯೇ. ನಾಟಕದ ಮಾತು ಪುಸ್ತಕದಲ್ಲಿ ಉಳಿಯುತ್ತದೆ. ಹಾಡಿನ ಮಟ್ಟು ಗಂಟಲಿನಿಂದ ಗಂಟಲಿಗೆ ದಾಟುತ್ತದೆ. ಉಡುಪು ಪೆಟ್ಟಿಗೆಯಲ್ಲಾದರೂ ಸಿಗುತ್ತದೆ. ಬೆಳಕು ಮಾತ್ರ ಆಟ ಮುಗಿದ ಕ್ಷಣವೇ ಇಲ್ಲವಾಗುತ್ತದೆ.

ಯಕ್ಷಗಾನವನ್ನೇ ನೋಡಿ. ದೊಂದಿಯ ಬೆಳಕಿನಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುತ್ತಿಗೆ ಅದು ಬಂದಿದೆ ಎಂದು ಒಂದು ಸಾಲಿನಲ್ಲಿ ಹೇಳಿಬಿಡುತ್ತೇವೆ. ಆದರೆ ಆ ಸಾಲಿನೊಳಗೆ ಎಷ್ಟೊಂದು ಕೆಲಸ ಅಡಗಿದೆ! ದೊಂದಿಯ ಬೆಳಕು ಕೆಂಪು, ಅಲುಗಾಡುವಂಥದ್ದು, ಮುಖದ ಎತ್ತರಕ್ಕೆ ಹತ್ತಿರದಿಂದ ಬೀಳುವಂಥದ್ದು. ಬಣ್ಣದ ವೇಷದ ದಟ್ಟ ಕೆಂಪು ಕಪ್ಪು ಗೆರೆಗಳು, ಮುಖದಿಂದ ಎದ್ದು ನಿಲ್ಲುವ ಬಿಳಿ ಚುಟ್ಟಿ ಆ ಬೆಳಕಿನಲ್ಲಿ ಜೀವ ತಳೆಯುತ್ತಿದ್ದವು. ರಾಕ್ಷಸ ವೇಷ ಅಬ್ಬರಿಸುತ್ತ ಬರುವಾಗ ದೊಂದಿಗೆ ರಾಳದ ಪುಡಿ ಎರಚಿದರೆ ಭಗ್ಗೆಂದು ಜ್ವಾಲೆ ಏಳುತ್ತಿತ್ತು. ಚೆಂಡೆಯ ಪೆಟ್ಟಿಗೂ ವೇಷದ ಹೆಜ್ಜೆಗೂ ಸರಿಯಾಗಿ ರಾಳ ಬೀಳಬೇಕು. ಇದನ್ನು ಇಂದಿನ ಭಾಷೆಯಲ್ಲಿ ‘ಲೈಟ್ ಕ್ಯೂ’ ಎನ್ನುತ್ತೇವೆ. ಟ್ಯೂಬ್‌ಲೈಟಿನ ಸಮನಾದ ಬಿಳಿ ಬೆಳಕಿನಲ್ಲಿ ಅದೇ ಮುಖವರ್ಣಿಕೆ ಬೇರೆಯದೇ ಆಗಿ ಕಾಣುತ್ತದೆ. ದೀಪ ಬದಲಾದಾಗ ಬದಲಾದದ್ದು ದೀಪವೊಂದೇ ಅಲ್ಲ.

ಕತ್ತಲಲ್ಲಿ ಕೆಲಸ ಮಾಡುವವರಿಗೆ ಕಲಾವಿದರ ಸ್ಥಾನ ಸಿಗಲು ಬಹುಕಾಲ ಹಿಡಿಯಿತು. ಭಾರತದಲ್ಲಿ ಆ ತಿರುವಿಗೆ ಕಾರಣರಾದವರಲ್ಲಿ ತಾಪಸ್ ಸೇನ್ ಮುಖ್ಯರು. 1959ರಲ್ಲಿ ಕಲ್ಕತ್ತೆಯ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕ ರಂಗಕ್ಕೆ ಬಂತು. ಕಲ್ಲಿದ್ದಲ ಗಣಿಯಲ್ಲಿ ಸಿಕ್ಕಿಬಿದ್ದ ಕಾರ್ಮಿಕರನ್ನು ನೀರು ಏರಿ ಏರಿ ಮುಳುಗಿಸುವ ದೃಶ್ಯವನ್ನು ಸೇನ್ ಬೆಳಕಿನಿಂದಲೇ ಕಟ್ಟಿದರು. ಬೆಳಕನ್ನು ನೋಡಲೆಂದೇ ಜನ ನಾಟಕಕ್ಕೆ ಬರುವಂತಾಯಿತು.

ಅಲ್ಲಿಂದೀಚೆಗೆ ಯಂತ್ರಗಳು ವೇಗವಾಗಿ ಬದಲಾದವು. 1975ರಲ್ಲಿ ಬ್ರಾಡ್‌ವೇಯ ‘ಎ ಕೋರಸ್ ಲೈನ್’ ನಾಟಕಕ್ಕೆ ಬೆಳಕಿನ ವಿನ್ಯಾಸಕಿ ಥಾರನ್ ಮಸರ್ ಕಂಪ್ಯೂಟರ್ ಬೋರ್ಡು ತಂದರು. 1981ರಲ್ಲಿ ಜೆನೆಸಿಸ್ ವಾದ್ಯತಂಡದ ಪ್ರವಾಸದಲ್ಲಿ, ತಾವೇ ತಿರುಗಿ ಬಣ್ಣ ಬದಲಿಸುವ ದೀಪಗಳು ಬಂದವು. 1986ರಲ್ಲಿ ರೂಪುಗೊಂಡ ಡಿಎಂಎಕ್ಸ್ ಎಂಬ ಸಂಕೇತಪದ್ಧತಿಯಿಂದ ಒಂದೇ ತಂತಿಯಲ್ಲಿ 512 ಚಾನೆಲ್‌ಗಳನ್ನು ನಡೆಸಬಹುದಾಯಿತು. ಇಂದಿನ ಮದುವೆ ಮಂಟಪದಿಂದ ದೊಡ್ಡ ಸಂಗೀತ ಕಚೇರಿಯವರೆಗೆ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ: ಯಾವ ದೀಪ ಎಲ್ಲಿ ಎಂಬ ನಕ್ಷೆ, ಕಂಬಿಗೆ ಕಟ್ಟುವುದು, ಏಣಿ ಹತ್ತಿ ಒಂದೊಂದನ್ನೂ ಗುರಿಗೆ ತಿರುಗಿಸುವುದು, ಕ್ಯೂಗಳನ್ನು ಬೋರ್ಡಿಗೆ ತುಂಬುವುದು, ಆಮೇಲೆ ಪ್ರದರ್ಶನದುದ್ದಕ್ಕೂ ಕಣ್ಣು ಮಿಟುಕಿಸದೆ ಕಾಯುವುದು.

ಯಂತ್ರಕ್ಕೆ ನೆನಪಿನ ಶಕ್ತಿ ಬಂದ ಮೇಲೆ ಬೆಳಕಿಗೂ ದಾಖಲೆ ಸಿಕ್ಕಿತು ಎನ್ನಬಹುದೇ? ಪೂರ್ತಿಯಾಗಿ ಅಲ್ಲ. ಬೋರ್ಡಿನಲ್ಲಿ ಉಳಿಯುವುದು ಯಾವ ಚಾನೆಲ್ ಎಷ್ಟು ಎಂಬ ಅಂಕಿ ಮಾತ್ರ. ಆ ದೀಪವೇ ಇಲ್ಲದಿದ್ದರೆ ಅಂಕಿ ಏನು ಹೇಳೀತು? 2018ರಲ್ಲಿ ಯುರೋಪಿನ ಒಕ್ಕೂಟ ಹೆಚ್ಚು ವಿದ್ಯುತ್ ನುಂಗುವ ಬಲ್ಬುಗಳನ್ನು ನಿಲ್ಲಿಸಲು ಹೊರಟಾಗ ರಂಗಕರ್ಮಿಗಳು ದೊಡ್ಡ ದನಿಯಲ್ಲಿ ವಿರೋಧಿಸಿ, ರಂಗದ ದೀಪಗಳಿಗೆ ವಿನಾಯಿತಿ ಪಡೆದರು. ಹಳೆಯ ಬಲ್ಬು ಮಂದವಾಗುತ್ತ ಕೆಂಪಾಗುವ ಬಗೆ ಎಲ್‌ಇಡಿಗೆ ಸುಲಭಕ್ಕೆ ಬರುವುದಿಲ್ಲ ಎಂಬುದು ಅವರ ವಾದಗಳಲ್ಲೊಂದು. ಎಲೆನ್ ಟೆರಿ ಗ್ಯಾಸಿನ ಪರವಾಗಿ ಹೇಳಿದ್ದನ್ನೇ ಈಗ ಬಲ್ಬಿನ ಪರವಾಗಿ ಹೇಳುತ್ತಿದ್ದರು.

ಇದನ್ನು ಬರಿಯ ಹಳೆಯದರ ಮೋಹ ಎನ್ನಲಾಗದು. ಎಮ್ಮಾ ಲಿವ್ರಿಯ ಸಾವನ್ನು ನೆನೆದರೆ ಗ್ಯಾಸಿನ ದಿನಗಳು ಮರಳಲಿ ಎಂದು ಯಾರೂ ಬಯಸಲಾರರು. ಆದರೆ ಪ್ರತಿ ಹೊಸ ದೀಪದ ಜೊತೆ ಒಂದು ಹಳೆಯ ನೋಟ, ಒಂದು ಕೈಚಳಕ ಮರೆಯಾಗುತ್ತದೆ. ದೊಂದಿಗೆ ರಾಳ ಎರಚಿದ ಕೈಗಳನ್ನು ಬಲ್ಲ ಹಿರಿಯರು, ಗ್ಯಾಸ್‌ಲೈಟಿಗೆ ಗಾಳಿ ಹೊಡೆದವರು, ನಾಟಕ ಕಂಪನಿಗಳಲ್ಲಿ ದೀಪ ನೋಡಿಕೊಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಹೆಸರು ಕರಪತ್ರದಲ್ಲಿ ಅಚ್ಚಾಗಿರಲಿಕ್ಕಿಲ್ಲ. ನಮ್ಮ ರಂಗಭೂಮಿಯ ಚರಿತ್ರೆ ಬರೆಯುವವರು ನಾಟಕಕಾರರ, ನಟರ ಮನೆಗಳಿಗೆ ಹೋಗುವಂತೆ ಅವರ ಮನೆಗಳಿಗೂ ಹೋಗಿ ಕೂತು ಕೇಳಬೇಕು. ಆರಿಹೋದ ಬೆಳಕಿಗೆ ಅವರ ನೆನಪಷ್ಟೇ ಉಳಿದಿರುವ ದಾಖಲೆ.